ಫಾದರ್ ಅವರ 50 ವರ್ಷದ ಸೇವೆ: ಸ್ಮರಣ ಸಂಚಿಕೆಗೆ ಸರಿಯಾದ ಇಸವಿ, ವಿವರ ಎಲ್ಲಿಂದ ತೆಗೆಯುವುದು?

ಸಂಚಿಕೆ_ಸಮಿತಿ

ನಮ್ಮ ಇಗರ್ಜಿಯ (ಚರ್ಚಿನ) ನಿವೃತ್ತ ಧರ್ಮಗುರುಗಳ ಗುರುದೀಕ್ಷೆಗೆ 50 ತುಂಬುತ್ತಿದೆ. ದೀಕ್ಷೆ 1976ರಲ್ಲಿ, ಮಂಗಳೂರು ಧರ್ಮಪ್ರಾಂತ್ಯದವರು. ಸೇವೆಯ ಅರ್ಧ ಭಾಗ ಅನುದಾನಿತ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ, ಆಮೇಲೆ ಹೆಡ್‌ಮಾಸ್ಟರಾಗಿ. ಇನ್ನರ್ಧ ಬೇರೆ ಬೇರೆ ಊರುಗಳಲ್ಲಿ ವಿಗಾರ್ (ಇಗರ್ಜಿಯ ಮುಖ್ಯ ಧರ್ಮಗುರು) ಆಗಿ. ಸಂಚಿಕೆಯಲ್ಲಿ ಅವರಿಗೆಂದು 6 ಪುಟ ಇಟ್ಟಿದ್ದೇವೆ.

ಕೈಯಲ್ಲಿರುವುದು ಬೆಳ್ಳಿಹಬ್ಬದ ಕರಪತ್ರ ಒಂದು, ಬೀಳ್ಕೊಡುಗೆಯ ಸನ್ಮಾನಪತ್ರ ಎರಡು, ಹಿಂದೆ ಏನೂ ಬರೆಯದ ಫೋಟೋಗಳ ಒಂದು ಡಬ್ಬ. ಮೂರು ಕಾಗದದಲ್ಲಿ ಮೂರು ಥರ ಇಸವಿ. ಅವರನ್ನೇ ಕೇಳಿದರೆ “ಅದೆಲ್ಲ ಯಾಕೆ ಮಾರಾಯಾ” ಎಂದು ನಕ್ಕು ಬಿಡುತ್ತಾರೆ.

ಯಾವ ಊರಿನಲ್ಲಿ ಯಾವಾಗಿನಿಂದ ಯಾವಾಗಿನವರೆಗೆ ಇದ್ದರು ಎಂಬುದಕ್ಕೆ ನಂಬುವಂಥ ದಾಖಲೆ ಯಾವುದು? ಶಾಲೆಯ ಸೇವೆಗೆ ಯಾರನ್ನು ಕೇಳಬೇಕು? ಇನ್ನೊಂದು: ಸಮಿತಿಯ ಹಿರಿಯರೊಬ್ಬರು “ಒಂದು ಲಕ್ಷ ಬಲಿಪೂಜೆ, ಹತ್ತು ಸಾವಿರ ಜ್ಞಾನಸ್ನಾನ” (ಬಲಿಪೂಜೆ ಎಂದರೆ ಮಾಸ್, ಜ್ಞಾನಸ್ನಾನ ಎಂದರೆ ಬ್ಯಾಪ್ಟಿಸಂ) ಎಂದು ಬರೆದು ಕೊಟ್ಟಿದ್ದಾರೆ. ಅದನ್ನು ಹಾಗೇ ಅಚ್ಚು ಹಾಕಬಹುದೇ?

---

ಹಳೆ_ದಫ್ತರ

ಸನ್ಮಾನಪತ್ರಗಳನ್ನು ಸದ್ಯಕ್ಕೆ ಕಟ್ಟಿ ಬದಿಗಿಡಿ. ಅವು ಪ್ರೀತಿಯಿಂದ ಬರೆದವು. ಇಸವಿ ನೋಡಿ ಬರೆದವಲ್ಲ. ಧರ್ಮಗುರುವೊಬ್ಬರ ಆಯುಷ್ಯ ಸಿಗುವುದು ಅವರು ಹಾಕಿದ ರುಜುಗಳಲ್ಲಿ. ಐವತ್ತು ವರ್ಷದಲ್ಲಿ ಎಷ್ಟು ಪುಸ್ತಕಕ್ಕೆ ರುಜು ಹಾಕಿರುತ್ತಾರೆ ಎಂದು ಲೆಕ್ಕ ಹಾಕಿ ನೋಡಿ, ಸಾಮಗ್ರಿ ಹೆಚ್ಚಾಯಿತು ಎನ್ನಿಸುತ್ತದೆ.

ಮೊದಲು ಅವರು ಹುಟ್ಟಿದ ಊರಿನ ಇಗರ್ಜಿಗೆ ಹೋಗಿ ಜ್ಞಾನಸ್ನಾನದ ರಿಜಿಸ್ಟರ್ ತೆಗೆಸಿ. ಧರ್ಮಸಭೆಯ ಕಾನೂನು (1983ರ ಸಂಹಿತೆ, 535ನೇ ವಿಧಿ) ಪ್ರಕಾರ ಒಬ್ಬರ ದೃಢೀಕರಣ, ಮದುವೆ, ಗುರುದೀಕ್ಷೆ, ಸನ್ಯಾಸ ವ್ರತ ಎಲ್ಲವನ್ನೂ ಅದೇ ಸಾಲಿನ ಪಕ್ಕ, ಷರಾ ಅಂಕಣದಲ್ಲಿ ಬರೆದಿಡಬೇಕು. ದೀಕ್ಷೆ ಎಲ್ಲೇ ಆಗಲಿ, ಬಿಷಪರ ಕಚೇರಿಯಿಂದ ಹುಟ್ಟೂರಿನ ವಿಗಾರರಿಗೆ ತಿಳಿವಳಿಕೆ ಹೋಗಬೇಕು, ಅವರು ಅದನ್ನು ಅಂಚಿನಲ್ಲಿ ಏರಿಸಬೇಕು. ಹಾಗಾಗಿ ಒಂದೇ ಸಾಲಿನಲ್ಲಿ ಹುಟ್ಟಿದ ದಿನ, ಸ್ನಾನ ಕೊಟ್ಟ ದಿನ, ಅಪ್ಪ ಅಮ್ಮ, ಜ್ಞಾನಸ್ನಾನದ ತಂದೆ-ತಾಯಿ (ಗಾಡ್‌ಪೇರೆಂಟ್ಸ್) ಯಾರು, ದೀಕ್ಷೆಯ ದಿನ, ಎಲ್ಲ ಸಿಗುತ್ತದೆ. ಷರಾ ಖಾಲಿ ಇದ್ದರೆ ದೀಕ್ಷೆ ಆಗಿಲ್ಲ ಎಂದಲ್ಲ. ತಿಳಿವಳಿಕೆ ಪತ್ರ ಯಾರದೋ ಮೇಜಿನಲ್ಲಿ ಉಳಿದಿದೆ ಎಂದು. ಆಗ ಬಿಷಪರ ಕಚೇರಿಯ ದೀಕ್ಷಾ ಪುಸ್ತಕವೇ ಕೊನೆಯ ಮಾತು. ದೀಕ್ಷೆ ಕೊಟ್ಟ ಬಿಷಪ್ ಯಾರು, ಯಾವ ದಿನ, ಎಲ್ಲಿ ಎಂದು ಅದರಲ್ಲಿ ಇರಲೇಬೇಕು.

1940-50ರ ದಶಕದ ರಿಜಿಸ್ಟರ್ ಎಂದರೆ ಲ್ಯಾಟಿನ್. ಹೆದರಬೇಡಿ, ಹತ್ತು ಹನ್ನೆರಡು ಪದ ಗೊತ್ತಿದ್ದರೆ ಸಾಕು. ಜುವಾಂವ್ ಅಲ್ಲಿ ‘ಯೊವಾನ್ನೆಸ್’, ಜುಜೆ ‘ಯೊಸೆಫುಸ್’. ಎಲ್ಲರೂ ಎಡವುವ ಜಾಗ ತಿಂಗಳು. ‘7ಬ್ರಿಸ್’ ಎಂದು ಬರೆದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ‘ಸೆಪ್ತೆಂ’ ಎಂದರೆ ಏಳು. ‘ಸೆಪ್ತೆಂಬ್ರಿಸ್’ ಎಂದು ಪೂರ್ತಿ ಬರೆಯುವ ಬದಲು ಅಂಕಿ ಹಾಕಿ ಮುಗಿಸುತ್ತಿದ್ದರು. ಹಾಗೇ 8ಬ್ರಿಸ್ ಅಕ್ಟೋಬರ್, 9ಬ್ರಿಸ್ ನವೆಂಬರ್, 10ಬ್ರಿಸ್ ಅಥವಾ ಎಕ್ಸ್‌ಬ್ರಿಸ್ ಡಿಸೆಂಬರ್. ಈ ಒಂದು ತಪ್ಪಿನಿಂದ ಮಹೋತ್ಸವದ ಕೇಕ್ ಎರಡು ತಿಂಗಳು ಮೊದಲೇ ಕತ್ತರಿಸಿದವರು ಇದ್ದಾರೆ.

ಗುರುಮಠದ ವರ್ಷಗಳು: ಮಂಗಳೂರಿನವರಲ್ಲಿ ಬಹುಪಾಲು ಜನ ಜೆಪ್ಪುವಿನ ಸಂತ ಜೋಸೆಫರ ಗುರುಮಠ (1879ರಲ್ಲಿ ಯೇಸುಸಭೆಯವರು ಶುರು ಮಾಡಿದ್ದು), ಕೆಲವರು ಪುಣೆಯ ಪೇಪಲ್ ಸೆಮಿನರಿ ಅಥವಾ ಬೆಂಗಳೂರಿನ ಸಂತ ಪೇತ್ರರ ಗುರುಮಠ. ಕಾನೂನಿನ ಕನಿಷ್ಠ ಲೆಕ್ಕ ತತ್ವಶಾಸ್ತ್ರ 2 ವರ್ಷ, ದೈವಶಾಸ್ತ್ರ 4 ವರ್ಷ. ಇದರ ಜೊತೆ ಆರಂಭದ ಕಿರಿಯ ಗುರುಮಠ, ನಡುವೆ ಹೊರಗೆ ಕೆಲಸ ಮಾಡುವ ‘ರೀಜೆನ್ಸಿ’. ಡೀಕನ್ ದೀಕ್ಷೆಗೂ (ಗುರುದೀಕ್ಷೆಗೆ ಮೊದಲಿನ ಮೆಟ್ಟಿಲು) ಗುರುದೀಕ್ಷೆಗೂ ನಡುವೆ ಕೆಲವು ತಿಂಗಳ ಅಂತರ ಇರುತ್ತದೆ. ನಿಮ್ಮ ಪಟ್ಟಿಯಲ್ಲಿ ಇವೆರಡೂ ಒಂದೇ ತಿಂಗಳಿನಲ್ಲಿ ಬಂದಿದ್ದರೆ ಎಲ್ಲೋ ಕೈತಪ್ಪಿದೆ. ಹಳೆ ಸಂಚಿಕೆ ನೋಡಿ ‘ತೊನ್ಸೂರ್, ಸಬ್‌ಡೀಕನ್’ ಎಂಬ ಹಳೆಯ ಮೆಟ್ಟಿಲುಗಳನ್ನು ನಕಲು ಹೊಡೆಯಬೇಡಿ. ಅವೆಲ್ಲ 1973ರ ಜನವರಿ 1ರಿಂದ ರದ್ದು. 1976ರವರಿಗೆ ವಾಚಕ, ಪೀಠಸೇವಕ, ಡೀಕನ್, ಗುರು, ಇಷ್ಟೇ ಮೆಟ್ಟಿಲು. ಆಗ ಮಂಗಳೂರಿನ ಬಿಷಪ್ ಬೇಸಿಲ್ ಸಾಲ್ವದೋರ್ ಡಿಸೋಜ (1965ರಿಂದ 1996). ಆದರೂ ದೀಕ್ಷೆ ಅವರೇ ಕೊಟ್ಟರು ಎಂದು ಊಹಿಸಿ ಬರೆಯಬೇಡಿ, ಅನುಮತಿ ಪತ್ರದ ಮೇಲೆ ಬೇರೆ ಬಿಷಪರೂ ಕೊಡುವುದುಂಟು.

ಈಗ ವರ್ಗಾವಣೆ. ನಿಮ್ಮ ಮೂರು ಕಾಗದದಲ್ಲಿ ಮೂರು ಇಸವಿ ಬರಲು ಕಾರಣ ಸುಳ್ಳಲ್ಲ, ಒಂದು ವರ್ಗಾವಣೆಗೆ ಮೂರು ತಾರೀಕು ಇರುವುದು: ಬಿಷಪರ ನೇಮಕ ಪತ್ರದ ದಿನ, ಅಧಿಕಾರ ವಹಿಸಿಕೊಂಡ ದಿನ, ಹಳೆ ಊರಿನ ಬೀಳ್ಕೊಡುಗೆ ದಿನ. ವರ್ಗಾವಣೆ ಸಾಮಾನ್ಯವಾಗಿ ಶಾಲೆ ಶುರುವಾಗುವ ಮೊದಲು, ಮೇ-ಜೂನ್‌ನಲ್ಲಿ. ವರ್ಷದ ಆರಂಭದಲ್ಲಿ ಅಚ್ಚಾದ ಧರ್ಮಪ್ರಾಂತ್ಯದ ಡೈರೆಕ್ಟರಿ ಹಿಡಿದರೆ ಒಂದು ವರ್ಷ ಹಿಂದೆ ಬೀಳುತ್ತೀರಿ. ನಾನಾದರೆ ಅಧಿಕಾರ ವಹಿಸಿಕೊಂಡ ದಿನವನ್ನೇ ಹಿಡಿಯುತ್ತೇನೆ, ಎಲ್ಲ ಊರಿಗೂ ಅದೇ ಅಳತೆ. ಅದಕ್ಕೆ ಗಟ್ಟಿ ಸಾಕ್ಷಿ ಹಸ್ತಾಂತರ ಪತ್ರ: ಹೋಗುವವರು, ಬರುವವರು ಇಬ್ಬರೂ ನಗದು ಬಾಕಿ, ಬ್ಯಾಂಕ್ ಬಾಕಿ, ಬೆಳ್ಳಿ ಪಾತ್ರೆ, ಪೀಠೋಪಕರಣ, ರಿಜಿಸ್ಟರುಗಳ ಪಟ್ಟಿಗೆ ರುಜು ಹಾಕಿರುತ್ತಾರೆ. ಅದು ಸಿಗದಿದ್ದರೆ ನಗದು ಪುಸ್ತಕ ನೋಡಿ. ರುಜು ಬದಲಾದ ತಿಂಗಳೇ ಉತ್ತರ. ಅದೂ ಇಲ್ಲದಿದ್ದರೆ ಪೂಜೆಯ ಇರಾದೆ ಪುಸ್ತಕ. ಯಾವ ದಿನ, ಯಾರ ಹೆಸರಿಗೆ, ಯಾರು ಪೂಜೆ ಅರ್ಪಿಸಿದರು ಎಂದು ದಿನಕ್ಕೊಂದು ಸಾಲು ಅದರಲ್ಲಿರುತ್ತದೆ. ಆಸ್ಪತ್ರೆ ಸೇರಿದ ವಾರ, ರಜೆ ಹೋದ ತಿಂಗಳು ಕೂಡ ಅದರಲ್ಲಿ ಕಾಣುತ್ತದೆ.

ಒಂದು ಎಚ್ಚರಿಕೆ. ಜ್ಞಾನಸ್ನಾನ, ಮದುವೆ ರಿಜಿಸ್ಟರಿನಲ್ಲಿ ಅವರ ರುಜು ಸಿಕ್ಕಿದ ತಕ್ಷಣ “ಈ ಊರಲ್ಲೂ ಇದ್ದರು” ಎಂದು ಬರೆಯಬೇಡಿ. ಅಣ್ಣನ ಮಗಳ ಮದುವೆಗೆ ಬಂದು ಅರ್ಪಿಸಿ ಹೋದ ಅತಿಥಿಯೂ ರುಜು ಹಾಕುತ್ತಾರೆ. ರುಜುವಿನ ಕೆಳಗೆ ‘ವಿಗಾರರ ಅನುಮತಿಯಿಂದ’ ಎಂಬ ಅರ್ಥದ ಸಂಕ್ಷೇಪ ಇದ್ದರೆ, ಹಳೆಯದರಲ್ಲಿ ‘ದೆ ಲಿಚೆನ್ಸಿಯಾ ಪಾರೊಕಿ’, ಅದು ಅತಿಥಿ. ‘ಕೋಆಪ್’ ಎಂದಿದ್ದರೆ ಸಹಾಯಕ ಧರ್ಮಗುರು. ಸಾಲಾಗಿ ಮೂರು ನಾಲ್ಕು ತಿಂಗಳು ಅದೇ ರುಜು ಬಂದರೆ ಮಾತ್ರ ನೇಮಕ ಎಂದು ನಂಬಿ.

ಕಾರ್ಕಳ, ಉಡುಪಿ, ಕುಂದಾಪುರ ಕಡೆ ಸೇವೆ ಮಾಡಿದ್ದರೆ: 2012ರಲ್ಲಿ ಉಡುಪಿ ಬೇರೆ ಧರ್ಮಪ್ರಾಂತ್ಯ ಆಯಿತು. ಅದಕ್ಕೂ ಮೊದಲಿನ ನೇಮಕದ ಕಾಗದ ಮಂಗಳೂರಿನ ಕಚೇರಿಯಲ್ಲಿ ಹುಡುಕಿ, ರಿಜಿಸ್ಟರು ಮಾತ್ರ ಆಯಾ ಇಗರ್ಜಿಯಲ್ಲೇ ಇರುತ್ತದೆ. ಸಂಚಿಕೆಯಲ್ಲಿ “ಆಗ ಮಂಗಳೂರು, ಈಗ ಉಡುಪಿ ಧರ್ಮಪ್ರಾಂತ್ಯ” ಎಂದು ಒಂದು ಸಾಲು ಸಾಕು. ಜೊತೆಗೆ ‘ರಾಕ್ಣೊ’ ಕೊಂಕಣಿ ವಾರಪತ್ರಿಕೆಯ ಹಳೆ ಸಂಪುಟ ತಿರುವಿ ಹಾಕಿ. 1938ರಿಂದ ಬರುತ್ತಿದೆ, ವರ್ಗಾವಣೆ ಪಟ್ಟಿ, ಇಗರ್ಜಿ ಹಬ್ಬದ ವರದಿ, ಶಾಲಾ ಕಟ್ಟಡದ ಉದ್ಘಾಟನೆ ಅದರಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗಲಿಕ್ಕಿಲ್ಲ.

ರಿಜಿಸ್ಟರಿನ ಪುಟದ ಫೋಟೋ ಮಾತ್ರ ಸಂಚಿಕೆಯಲ್ಲಿ ಹಾಕಬೇಡಿ. ಮೇಲೆ ಕೆಳಗೆ ಬೇರೆಯವರ ಮನೆಯ ವಿಷಯ ಇರುತ್ತದೆ, ದತ್ತು, ತಂದೆಯ ಹೆಸರಿಲ್ಲದ ಮಗು, ಇಂಥವು. ವಿಗಾರರ ಎದುರು ಕೂತು ಬೇಕಾದ ಸಾಲು ಬರೆದುಕೊಂಡು ಬನ್ನಿ.

---

ಎಸ್‌ಆರ್_ಗುಮಾಸ್ತ

ಶಾಲೆಯ ಕಡೆಯದು ನಾನು ಹೇಳುತ್ತೇನೆ. ಅನುದಾನಿತ ಶಾಲೆ ಎಂದ ಮೇಲೆ ಫಾದರ್ ಆದರೂ ಸೇವಾ ಪುಸ್ತಕ ಇದ್ದೇ ಇರುತ್ತದೆ. ಕೊನೆಗೆ ನಿವೃತ್ತರಾದ ಶಾಲೆಯಲ್ಲಿ ಕೇಳಿ, ಅಲ್ಲಿಲ್ಲದಿದ್ದರೆ ಆಡಳಿತ ಮಂಡಳಿಯಲ್ಲಿ. ಮಂಗಳೂರಿನಲ್ಲಿ ಧರ್ಮಪ್ರಾಂತ್ಯದ ಶಾಲೆಗಳನ್ನು ನೋಡಿಕೊಳ್ಳುವುದು ಕಥೋಲಿಕ ಶಿಕ್ಷಣ ಮಂಡಳಿ. ಒಂದೇ ಮಂಡಳಿಯ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋದಾಗ ಸೇವೆ ತುಂಡಾಗುವುದಿಲ್ಲ, ಅದೇ ಪುಸ್ತಕ ಮುಂದುವರಿಯುತ್ತದೆ. ಅದರಲ್ಲಿ ಮೊದಲ ನೇಮಕದ ಆದೇಶ, ಇಲಾಖೆಯ ಅನುಮೋದನೆ, ವರ್ಷದ ವೇತನ ಬಡ್ತಿ, ರಜೆ, ಬಿಡುಗಡೆ-ಹಾಜರಾತಿ ತಾರೀಕು ಎಲ್ಲ ಸಾಲಾಗಿ ಸಿಗುತ್ತದೆ, “ಪೂರ್ವಾಹ್ನ, ಅಪರಾಹ್ನ” ಸಮೇತ.

ಹುಟ್ಟಿದ ದಿನ ಸೇವಾ ಪುಸ್ತಕದಲ್ಲಿ ಒಂದು, ಇಗರ್ಜಿಯಲ್ಲಿ ಒಂದು ಬಂದರೆ ಗಾಬರಿ ಬೇಡ. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ವಯಸ್ಸು ಕೂಡಿಸಿ ಜೂನ್ 1 ಎಂದೋ ಮತ್ತೊಂದೋ ಬರೆಸುವುದು ಮಾಮೂಲಿ, ಅದೇ ಎಸ್ಸೆಸ್ಸೆಲ್ಸಿಗೆ ಹೋಯಿತು, ಅದೇ ಸೇವಾ ಪುಸ್ತಕಕ್ಕೆ ಬಂತು. ಪಿಂಚಣಿಗೆ ಅದೇ ಸರಿ. ಸಂಚಿಕೆಗೆ ಜ್ಞಾನಸ್ನಾನದ ರಿಜಿಸ್ಟರ್ ಹಿಡಿಯಿರಿ, ಮಗು ಹುಟ್ಟಿ ಕೆಲವೇ ದಿನಕ್ಕೆ ಬರೆದದ್ದು ಅದು.

ಹೆಡ್‌ಮಾಸ್ಟರ್ ಆದ ದಿನಕ್ಕೆ ಸೇವಾ ಪುಸ್ತಕದ ಜೊತೆ ಮಕ್ಕಳ ದಾಖಲಾತಿ ಪುಸ್ತಕವನ್ನೂ ನೋಡಿ. ಪ್ರತಿ ದಾಖಲಾತಿಗೂ ಹೆಡ್‌ಮಾಸ್ಟರರ ರುಜು ಬೇಕು, ಕೈಬರಹ ಬದಲಾದದ್ದು ಕಣ್ಣಿಗೆ ಹೊಡೆಯುತ್ತದೆ. ತಪಾಸಣೆಗೆ ಬಂದ ಅಧಿಕಾರಿಗಳು ಷರಾ ಬರೆದ ಪುಸ್ತಕ ಸಿಕ್ಕರೆ ಬಿಡಬೇಡಿ. “9ನೇ ತರಗತಿ ಬಿ ವಿಭಾಗದ ಗಣಿತ ಪಾಠ ವೀಕ್ಷಿಸಲಾಯಿತು” ಎಂಬ ಒಂದು ಸಾಲು ಹತ್ತು ಹೊಗಳಿಕೆಗಿಂತ ಮೇಲು.

ದಾಖಲೆಯಲ್ಲಿ ಒಂದು ವರ್ಷ ‘ಕಾಣೆ’ ಆಗಿದ್ದರೆ ಬಿ.ಎಡ್. ಇರಬಹುದು. ದೀಕ್ಷೆಯಾಗಿ ಎರಡು ಮೂರು ವರ್ಷ ಸಹಾಯಕರಾಗಿ ದುಡಿಸಿ, ಆಮೇಲೆ ಪದವಿಗೋ ಬಿ.ಎಡ್.ಗೋ ಕಳಿಸುವುದು ವಾಡಿಕೆ. ಆ ವರ್ಷ ಇಗರ್ಜಿಯಲ್ಲೂ ಹೆಸರಿಲ್ಲ, ಶಾಲೆಯಲ್ಲೂ ಹೆಸರಿಲ್ಲ, ಕಾಲೇಜಿನ ಪ್ರಮಾಣಪತ್ರದಲ್ಲಿ ಮಾತ್ರ ಇರುತ್ತದೆ.

ಸಂಚಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ಗೊಂದಲ ಇನ್ನೊಂದು: ‘ಸಂಚಾಲಕ’ ಮತ್ತು ‘ಮುಖ್ಯೋಪಾಧ್ಯಾಯ’. ಇಗರ್ಜಿಗೆ ಸೇರಿದ ಶಾಲೆ ಇದ್ದರೆ ಅಲ್ಲಿನ ವಿಗಾರರೇ ಸಂಚಾಲಕರು. ಅವರು ಪಾಠ ಮಾಡುವುದಿಲ್ಲ, ಶಾಲೆಯಿಂದ ಸಂಬಳ ಇಲ್ಲ, ಕಟ್ಟಡ, ನೇಮಕಾತಿ, ಇಲಾಖೆಯ ಪತ್ರವ್ಯವಹಾರ ಅವರದು. ನಿಮ್ಮ ಫಾದರ್ ವಿಗಾರ್ ಆಗಿದ್ದ ಊರುಗಳಲ್ಲಿ ಸಂಚಾಲಕರಾಗಿದ್ದ ವರ್ಷಗಳನ್ನು ಶಿಕ್ಷಕ ಸೇವೆಗೆ ಕೂಡಿಸಿ “35 ವರ್ಷ ಅಧ್ಯಾಪನ” ಎಂದು ಬರೆದರೆ ಹಳೆ ಸಹೋದ್ಯೋಗಿಗಳೇ ನಗುತ್ತಾರೆ. ಎರಡು ಬೇರೆ ಅಂಕಣ ಮಾಡಿ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಶೇಕಡಾವಾರು ಹಾಕುವುದಾದರೆ ಅವರು ಬರುವ ಮೊದಲಿನ ಮೂರು ವರ್ಷದ್ದನ್ನೂ ಪಕ್ಕದಲ್ಲಿ ಹಾಕಿ. ಇಲ್ಲದಿದ್ದರೆ ಆ ಅಂಕಿಗೆ ಅರ್ಥ ಇಲ್ಲ, ಮತ್ತು ಅದು ಒಬ್ಬರ ಕೆಲಸವೂ ಅಲ್ಲ.

ಸಂಬಳದ ವಿಷಯ ಯಾರಾದರೂ ಕೇಳಿಯೇ ಕೇಳುತ್ತಾರೆ. ಧರ್ಮಪ್ರಾಂತ್ಯದ ಗುರುಗಳು ಬಡತನದ ವ್ರತ ತೆಗೆದುಕೊಳ್ಳುವುದಿಲ್ಲ. ಬ್ರಹ್ಮಚರ್ಯ ಮತ್ತು ಬಿಷಪರಿಗೆ ವಿಧೇಯತೆ, ಇವೆರಡೇ ಅವರ ವಾಗ್ದಾನ. ಮೂರು ವ್ರತ ಇರುವುದು ಯೇಸುಸಭೆ, ಕಪುಚಿನ್, ಕಾರ್ಮೆಲ್ ಮುಂತಾದ ಸಭೆಗಳವರಿಗೆ. “ಮೂರು ವ್ರತಗಳನ್ನು ಪಾಲಿಸಿ” ಎಂಬ ವಾಕ್ಯ ನಿಮ್ಮ ಕರಡಿನಲ್ಲಿ ಇದ್ದರೆ ಈಗಲೇ ಹೊಡೆದು ಹಾಕಿ. ಆದಾಯ ತೆರಿಗೆಗೆ ಈ ಭೇದ ಲೆಕ್ಕಕ್ಕೆ ಬರುವುದಿಲ್ಲ: ಅನುದಾನಿತ ಸಂಸ್ಥೆಯಲ್ಲಿ ಕಲಿಸುವ ಸಿಸ್ಟರುಗಳ, ಗುರುಗಳ ಸಂಬಳದಿಂದ ಟಿಡಿಎಸ್ ಮುರಿಯಬೇಕು ಎಂಬ ಮದ್ರಾಸ್ ಹೈಕೋರ್ಟಿನ ತೀರ್ಪನ್ನು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದಿದೆ.

---

ವಾಡೊ_ಗುರ್ಕಾರ್

ಒಂದು ಲಕ್ಷದ ಲೆಕ್ಕ ನೋಡುವಾ.

ದಿನಕ್ಕೊಂದರಂತೆ 50 ವರ್ಷ: 18,250. ಪ್ರತಿ ಆದಿತ್ಯವಾರ ಎರಡನೆಯದು: ಇನ್ನೂ 2,600. ಒಟ್ಟು 20,850. ಇದರಲ್ಲಿ 50 ಶುಭ ಶುಕ್ರವಾರ ಕಳೆಯಿರಿ, ಆ ದಿನ ಎಲ್ಲೂ ಬಲಿಪೂಜೆ ಇಲ್ಲ. ಧರ್ಮಸಭೆಯ ಕಾನೂನು ಸಾಮಾನ್ಯವಾಗಿ ದಿನಕ್ಕೆ ಒಂದೇ ಎನ್ನುತ್ತದೆ. ಗುರುಗಳು ಸಾಲದಿದ್ದರೆ ಬಿಷಪರ ಅನುಮತಿಯಿಂದ ಎರಡು, ಆದಿತ್ಯವಾರ ಮತ್ತು ಕಡ್ಡಾಯ ಹಬ್ಬಗಳಲ್ಲಿ ಅಗತ್ಯ ಬಿದ್ದರೆ ಮೂರು. ಆ ಪೂರ್ತಿ ಮಿತಿಯನ್ನೇ ದಿನಾ ಮುಟ್ಟಿದರೂ 40 ಸಾವಿರದ ಆಸುಪಾಸಿಗೆ ನಿಲ್ಲುತ್ತದೆ. ಲಕ್ಷ ಆಗಬೇಕಾದರೆ ದಿನಕ್ಕೆ ಐದೂವರೆ! “ಇಪ್ಪತ್ತು ಸಾವಿರಕ್ಕೂ ಮಿಕ್ಕಿ” ಎಂದರೆ ಯಾರೂ ಆಕ್ಷೇಪಿಸುವಂತಿಲ್ಲ, ಅದೇನು ಸಣ್ಣದಾ?

ಜ್ಞಾನಸ್ನಾನಕ್ಕೆ ಅಂದಾಜೇ ಬೇಡ, ರಿಜಿಸ್ಟರಿನಲ್ಲಿ ಎಣಿಸಬಹುದು. ಉದಾಹರಣೆಗೆ ವರ್ಷಕ್ಕೆ 20 ಜ್ಞಾನಸ್ನಾನ ಆಗುವ ಇಗರ್ಜಿಯಲ್ಲಿ 7 ವರ್ಷ ಇದ್ದರೆ 140, ಅದರಲ್ಲೂ ಸಹಾಯಕರು ಕೊಟ್ಟದ್ದು ಕಳೆಯಬೇಕು. ಅಂಥ ನಾಲ್ಕು ಊರಾದರೂ ಹತ್ತು ಸಾವಿರ ಎಲ್ಲಿಂದ?

ಎಣಿಸಲಿಕ್ಕಾಗದ್ದು ಒಂದಿದೆ. ಪಾಪನಿವೇದನೆಗೆ ಪುಸ್ತಕ ಇಲ್ಲ, ರುಜು ಇಲ್ಲ. ಶನಿವಾರ ಸಂಜೆಯ ಗಂಟೆಗಟ್ಟಲೆ ಕೆಲಸ, ದೊಡ್ಡ ವಾರದಲ್ಲಿ (ಈಸ್ಟರ್ ಹಿಂದಿನ ವಾರ) ರಾತ್ರಿಯವರೆಗೆ. ಯಾವ ದಾಖಲೆಯಲ್ಲೂ ಬಾರದು. ಅದರ ಬಗ್ಗೆ ಅವರ ಬಾಯಿ ಬಿಡಿಸಲಿಕ್ಕೆ ಹೋಗಬೇಡಿ. ಒಬ್ಬರು ಬಂದರು ಎಂಬುದನ್ನೂ ಅವರು ಹೇಳುವುದಿಲ್ಲ. ಒಳ್ಳೆಯ ಉದ್ದೇಶದಿಂದ, ಹೆಸರು ಬದಲಿಸಿ ಬರೆದ “ಮನಸ್ಸು ತಿರುಗಿದ ಕುಡುಕನ ಕಥೆ” ಥರದ್ದನ್ನೂ ಹಾಕಬೇಡಿ. ಊರಿನಲ್ಲಿ ಹೆಸರು ಬದಲಿಸಿದರೆ ಗೊತ್ತಾಗದಿರುವುದು ಯಾರಿಗೆ? ಫೀಸು ಕಟ್ಟಿಕೊಟ್ಟ ಮಕ್ಕಳ ಹೆಸರೂ ಹಾಗೆಯೇ, ಅವರಾಗಿಯೇ ಮುಂದೆ ಬಂದು ಬರೆದರೆ ಬೇರೆ ಮಾತು.

ಮೇಷ್ಟ್ರು-ವಿಗಾರ್ ಎರಡೂ ಒಬ್ಬರೇ ಆಗಿದ್ದ ವರ್ಷಗಳಿದ್ದರೆ ಅವರ ಒಂದು ವಾರವನ್ನು ಗಂಟೆ ಹಾಕಿ ಬರೆಯಿರಿ, ಆರು ಪುಟದಲ್ಲಿ ಜನ ಓದುವುದು ಅದನ್ನೇ. ಬೆಳಗ್ಗಿನ ಪೂಜೆ, ಒಂಬತ್ತೂವರೆಗೆ ಶಾಲೆ, ಮಧ್ಯಾಹ್ನದ ಬಿಡುವಿನಲ್ಲಿ ಹಾಸಿಗೆ ಹಿಡಿದವರಿಗೆ ಪರಮಪ್ರಸಾದ. ಸಂಜೆ 4ಕ್ಕೆ ಮರಣದ ಪೂಜೆ ಇದ್ದರೆ ಕೊನೆಯ ಪಿರಿಯಡ್ ಯಾರಿಗೆ ಕೊಟ್ಟು ಹೋಗುತ್ತಿದ್ದರು? ಸಂಜೆ ವಾಡೊ (ಇಗರ್ಜಿಯ ವಾರ್ಡು) ಕೂಟ, ರಾತ್ರಿ ಉತ್ತರಪತ್ರಿಕೆ. ಆದಿತ್ಯವಾರ ಎರಡು ಪೂಜೆಯ ನಡುವೆ ಧರ್ಮೋಪದೇಶದ ತರಗತಿ. ಮಾರ್ಚ್-ಏಪ್ರಿಲ್‌ನಲ್ಲಿ ಎಲ್ಲ ಒಟ್ಟಿಗೆ ತಲೆಯ ಮೇಲೆ ಬೀಳುತ್ತದೆ: ಎಸ್ಸೆಸ್ಸೆಲ್ಸಿ ಪರೀಕ್ಷೆ, ಮೌಲ್ಯಮಾಪನ, ದೊಡ್ಡ ವಾರ. ತಪಸ್ಸು ಕಾಲದಲ್ಲಿ (ಈಸ್ಟರ್ ಮೊದಲಿನ ಉಪವಾಸದ ವಾರಗಳು) ಮದುವೆ ಇಡುವುದಿಲ್ಲ, ಆ ಬಾಕಿಯೆಲ್ಲ ಈಸ್ಟರ್ ಕಳೆದು ಮೇ ತಿಂಗಳಿಗೆ. ಒಂದೊಂದು ಮದುವೆಗೂ ಮೊದಲು ವಿಚಾರಣೆ ಪತ್ರ, ಮೂರು ಆದಿತ್ಯವಾರ ಇಗರ್ಜಿಯಲ್ಲಿ ಮದುವೆಯ ಪ್ರಕಟಣೆ (ಕೂಗು), 6 ತಿಂಗಳೊಳಗೆ ತೆಗೆಸಿದ ಜ್ಞಾನಸ್ನಾನದ ನಕಲು, ಮದುವೆ ತಯಾರಿ ಶಿಬಿರದ ಪ್ರಮಾಣಪತ್ರ. ಮುಗಿದ ಮೇಲೆ ಇಬ್ಬರ ಹುಟ್ಟೂರಿಗೂ ತಿಳಿವಳಿಕೆ. ರಜೆಯಲ್ಲಿ ಮೇಷ್ಟ್ರಿಗೆ ರಜೆ ಇರಲಿಲ್ಲ ಎಂದು ಇದರಿಂದಲೇ ಗೊತ್ತಾಗುತ್ತದೆ, ನೀವು ಬೇರೆ ಹೇಳಬೇಕಾಗಿಲ್ಲ.

ಹಳೆ ವಿದ್ಯಾರ್ಥಿಗಳಿಂದ “ನಿಮ್ಮ ಅನಿಸಿಕೆ ಬರೆಯಿರಿ” ಎಂದು ಕೇಳಿದರೆ ಇಪ್ಪತ್ತು ಮಂದಿಯೂ “ಶಿಸ್ತಿನ ಸಿಪಾಯಿ, ಬೆಣ್ಣೆಯಂಥ ಹೃದಯ” ಎಂದೇ ಬರೆಯುತ್ತಾರೆ. ಪ್ರಶ್ನೆ ಕೊಟ್ಟು ಕೇಳಿ: ಯಾವ ವರ್ಷ, ಯಾವ ತರಗತಿ, ಯಾವ ವಿಷಯ? ಬೋರ್ಡಿನ ಯಾವ ಮೂಲೆಯಿಂದ ಬರೆಯಲು ಶುರು ಮಾಡುತ್ತಿದ್ದರು? ಲೆಕ್ಕ ತಪ್ಪಿದರೆ ಏನು ಮಾಡುತ್ತಿದ್ದರು? ಕನ್ನಡದಲ್ಲಿ ಬೈಯುತ್ತಿದ್ದರೋ, ತುಳುವಿನಲ್ಲೋ, ಕೊಂಕಣಿಯಲ್ಲೋ? ಒಬ್ಬರಿಗೆ 150 ಪದದ ಮಿತಿ. ಬೇರೆ ಬೇರೆ ಬ್ಯಾಚಿನ ಹತ್ತು ಮಂದಿ ಸಾಕು, ಅವರಲ್ಲಿ ಕ್ರೈಸ್ತರಲ್ಲದವರು ಅರ್ಧಕ್ಕಿಂತ ಹೆಚ್ಚಿರಲಿ. ತರಗತಿಯಲ್ಲಿ ಕೂತಿದ್ದವರೂ ಹಾಗೆಯೇ ತಾನೇ.

---

ಮೈಸೂರು_ಕಡೆಯವ

ಸಣ್ಣ ಸೇರ್ಪಡೆ, ಹೆಸರಿನ ಹಿಂದಿನ ಪದವಿಯ ಬಗ್ಗೆ. ಗುರುಗಳಿಗೆ ‘ವಂದನೀಯ’, ಬಿಷಪರಿಗೆ ‘ಅತಿ ವಂದನೀಯ’. ನಮ್ಮ ಕಡೆ ‘ಸ್ವಾಮಿ’ ಎನ್ನುತ್ತೇವೆ, ಕರಾವಳಿಯ ಸಂಚಿಕೆಯಲ್ಲಿ ಅದು ಹೊಂದುವುದಿಲ್ಲ. ‘ಮೊನ್ಸಿಂಜೊರ್’ ಎಂದು ಗೌರವಕ್ಕೆ ಸೇರಿಸುವ ಚಾಳಿ ಇದೆ, ಸೇರಿಸಬೇಡಿ. ಅದು ಪೋಪರು ಕೊಡುವ ಬಿರುದು; 2014ರಿಂದ ಧರ್ಮಪ್ರಾಂತ್ಯದ ಗುರುಗಳಲ್ಲಿ 65 ದಾಟಿದವರಿಗೆ ಮಾತ್ರ.

‘ನಿವೃತ್ತಿ’ ಎಂಬ ಪದಕ್ಕೂ ಎರಡು ತಾರೀಕು ಬೇಕು. ಶಾಲೆಯಿಂದ ನಿವೃತ್ತಿ ಸರ್ಕಾರದ ವಯಸ್ಸಿಗೆ (ಅವರ ಕಾಲದಲ್ಲಿ 58 ಅಥವಾ 60). ಇಗರ್ಜಿಯಿಂದ, 75 ತುಂಬಿದಾಗ ವಿಗಾರರು ಬಿಷಪರಿಗೆ ರಾಜೀನಾಮೆ ಪತ್ರ ಕೊಡುತ್ತಾರೆ. ಬಿಷಪರು ಒಪ್ಪಿದ ಮೇಲೆ ನಿವೃತ್ತಿ. ಗುರುತನಕ್ಕೆ ನಿವೃತ್ತಿಯೇ ಇಲ್ಲ, ಪೂಜೆ ಅರ್ಪಿಸುತ್ತಲೇ ಇರುತ್ತಾರೆ. ಹಾಗಾಗಿ “2011ರಲ್ಲಿ ಸೇವೆಯಿಂದ ನಿವೃತ್ತರಾದರು” ಥರದ ಬೋಳು ವಾಕ್ಯ ಬೇಡ, ಯಾವುದರಿಂದ ಎಂದು ಹೇಳಿ.

ಪಾಠ ಮತ್ತು ಪಾಲನೆ ಬೇರೆ ಬೇರೆ ಎಂದು ಲೇಖನವನ್ನು ಎರಡು ಹೋಳು ಮಾಡಬೇಕಿಲ್ಲ ಎನ್ನುವುದಕ್ಕೆ ನಿಮ್ಮ ಊರಿನಲ್ಲೇ ಉದಾಹರಣೆ ಇದೆ. ರೇಮಂಡ್ ಮಸ್ಕರೇನ್ಹಸ್ (1875-1960) ಬೆಂದೂರಿನ ವಿಗಾರ್ ಆಗಿದ್ದಾಗಲೇ, 1921ರ ಜುಲೈ 16ರಂದು, ಬೆಥನಿ ಸಿಸ್ಟರುಗಳ ಸಭೆ ಕಟ್ಟಿದರು. ಆ ಸಭೆಯ ಮುಖ್ಯ ಕೆಲಸಗಳಲ್ಲಿ ಶಾಲೆ ಒಂದು. ಇಗರ್ಜಿಯ ಕೆಲಸ ಯಾವುದು, ಶಾಲೆಯ ಕೆಲಸ ಯಾವುದು ಎಂದು ಅಲ್ಲಿ ಗೆರೆ ಎಳೆಯುವುದು ಕಷ್ಟ.

---

ಸಂಚಿಕೆ_ಸಮಿತಿ

ಎಲ್ಲರಿಗೂ ಉಪಕಾರ. ಹುಟ್ಟೂರಿನ ರಿಜಿಸ್ಟರ್ ನೋಡಿ ಬಂದೆವು. ನಿಜಕ್ಕೂ ‘8ಬ್ರಿಸ್’ ಎಂದಿದೆ, ಬೆಳ್ಳಿಹಬ್ಬದ ಕರಪತ್ರದಲ್ಲಿ ಆಗಸ್ಟ್ ಎಂದು ಅಚ್ಚಾಗಿದೆ! ಷರಾದಲ್ಲಿ ದೀಕ್ಷೆಯ ದಿನವೂ ಸಿಕ್ಕಿತು. ಈಗ ಫೋಟೋ ಡಬ್ಬದ ಗತಿ ಏನು? ಎಂಬತ್ತಕ್ಕೂ ಹೆಚ್ಚು ಇವೆ, ಒಂದಕ್ಕೂ ತಾರೀಕು ಇಲ್ಲ.

---

ಹಳೆ_ದಫ್ತರ

ಬಣ್ಣದ ಫೋಟೋಗಳಾದರೆ ಮೇಲಂಗಿ ನೋಡಿ. ನೇರಳೆ ಎಂದರೆ ತಪಸ್ಸು ಕಾಲ ಅಥವಾ ಕ್ರಿಸ್ಮಸ್ ಮೊದಲಿನ ನಾಲ್ಕು ವಾರ (ಆಗಮನ ಕಾಲ), ಕೆಲವು ಕಡೆ ಮರಣದ ಪೂಜೆಗೂ. ಕೆಂಪು ಎಂದರೆ ಗರಿಗಳ ಆದಿತ್ಯವಾರ, ಶುಭ ಶುಕ್ರವಾರ, ಪೆಂತೆಕೋಸ್ತ್ ಅಥವಾ ರಕ್ತಸಾಕ್ಷಿಗಳ ಹಬ್ಬ. ನಸುಗೆಂಪು ಗುಲಾಬಿ ಸಿಕ್ಕರೆ ನಿಮ್ಮ ಪುಣ್ಯ, ವರ್ಷಕ್ಕೆ ಎರಡೇ ದಿನ: ಆಗಮನ ಕಾಲದ ಮೂರನೇ ಆದಿತ್ಯವಾರ, ತಪಸ್ಸು ಕಾಲದ ನಾಲ್ಕನೇ ಆದಿತ್ಯವಾರ. ಪ್ರತಿಮೆಗಳಿಗೆ ಬಟ್ಟೆ ಮುಚ್ಚಿದ್ದರೆ ಈಸ್ಟರ್ ಹಿಂದಿನ ಎರಡು ವಾರದ ಒಳಗೆ. ಮಕ್ಕಳ ಕೈಯಲ್ಲಿ ಹೂವಿನ ಬುಟ್ಟಿ, ಪಕ್ಕದಲ್ಲಿ ಭತ್ತದ ತೆನೆ ಇದ್ದರೆ ಸೆಪ್ಟೆಂಬರ್ 8, ಮೊಂತಿ ಹಬ್ಬ.

ಇದರಿಂದ ತಿಂಗಳು ಸಿಗುತ್ತದೆ, ಇಸವಿ ಸಿಗುವುದಿಲ್ಲ. ಇಸವಿಗೆ ಕಟ್ಟಡ ನೋಡಿ: ಗೋಪುರಕ್ಕೆ ಸುಣ್ಣವೋ ಬಣ್ಣವೋ, ಹೆಂಚೋ ಶೀಟೋ, ಪೀಠದ ಹಿಂದಿನ ಗೋಡೆ ಹಳೆಯದೋ ಹೊಸದೋ. ನವೀಕರಣದ ವರ್ಷ ಇಗರ್ಜಿಯ ಬಾಗಿಲ ಬಳಿಯ ಕಲ್ಲಿನಲ್ಲೇ ಕೆತ್ತಿರುತ್ತದೆ. ಶಾಲೆಯ ಗುಂಪು ಫೋಟೋದಲ್ಲಿ ಮುಂದಿನ ಸಾಲಿನ ಮಕ್ಕಳು ಹಿಡಿದ ಸ್ಲೇಟು ನೋಡಿ, ತರಗತಿ ಮತ್ತು ವರ್ಷ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಮಸುಕಾಗಿದ್ದರೆ ಮೊಬೈಲಿನಲ್ಲಿ ತೆಗೆದು ಹಿಗ್ಗಿಸಿ.

ಆಮೇಲೆ ಎಲ್ಲವನ್ನೂ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಹಿಂದೆ ಪೆನ್ನಿನಲ್ಲಿ ಬರೆಯದೆ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿ, ಹತ್ತು ಹತ್ತರಂತೆ ಅವರ ಮುಂದಿಡಿ. ಊಟದ ನಂತರ ಅಲ್ಲ, ಬೆಳಗ್ಗಿನ ಪೂಜೆ ಮುಗಿಸಿ ಕಾಫಿ ಕುಡಿಯುವ ಹೊತ್ತಿಗೆ. “ಸೇವೆ ಹೇಗಿತ್ತು” ಎಂದು ಕೇಳಿದರೆ ನಗುವವರು “ಈ ಸೈಕಲ್ ಯಾರದು ಫಾದರ್” ಎಂದು ಕೇಳಿದರೆ ಅರ್ಧ ಗಂಟೆ ಮಾತಾಡುತ್ತಾರೆ. ಒಬ್ಬರು ಕೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ.